ಎರವಲು ಹೋದ ಮೇಣದಬತ್ತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ವಯಸ್ಸು ಎಂಬತ್ತರ ಹತ್ತಿರ ಬಂದರೂ ಅದು ಅಲ್ಲಿಂದ ಇಳಿದಿಲ್ಲ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಸಿಟ್ಟಿನಲ್ಲಿ ನಾನು ಆಡಿದ ಮಾತುಗಳಲ್ಲಿ ಹೆಚ್ಚಿನವು ಮರುದಿನವೇ ಗಾಳಿಗೆ ಹೋದವು. ಒಂದು ಮಾತು ಮಾತ್ರ ಹೋಗಲಿಲ್ಲ. ಅದು ನಮ್ಮತ್ತೆಯನ್ನು ಹಾಸಿಗೆಗೆ ಕೆಡವಿತು. ಎರಡು ತಿಂಗಳ ಮೇಲೆ ನಾನು ಅದನ್ನು ಹೊಟ್ಟೆಯಲ್ಲಿ ಕೆಂಡದ ಹಾಗೆ ಇಟ್ಟುಕೊಂಡು ತಿರುಗಿದೆ. ಅದು ಆರಿದ್ದು ಕಮಲಾಪುರದಲ್ಲಿ, ಮೇಣದಬತ್ತಿಯ ಹಬ್ಬದ ಮರುದಿನ.

ಆಗ ನಿಜಾಮರ ರಾಜ್ಯ. ನನ್ನ ಗಂಡ ಕಲಬುರಗಿ ಸ್ಟೇಷನ್ನಿನಲ್ಲಿ ದೀಪದ ಕೆಲಸಕ್ಕಿದ್ದರು. ಹೊತ್ತು ಇಳಿಯುತ್ತಲೇ ಏಣಿ ಹೆಗಲಿಗೇರಿಸಿ ಹೋಗಿ, ಸಿಗ್ನಲ್ ಕಂಬ ಹತ್ತಿ, ಕೆಂಪು ಹಸಿರು ದೀಪಗಳಿಗೆ ಎಣ್ಣೆ ತುಂಬಿ ಹಚ್ಚಿ ಬರುವುದು, ಬೆಳಿಗ್ಗೆ ಮತ್ತೆ ಹತ್ತಿ ಆರಿಸುವುದು. ಮೊದಲ ಮಹಾ ಲಡಾಯಿಯ ದೆಸೆಯಿಂದ ಸೀಮೆಎಣ್ಣೆ ಸಿಗದ ಕಾಲ ಅದು. ಆದರೂ ಅವರು ಕಂಪನಿಯ ಎಣ್ಣೆ ಒಂದು ಹನಿಯನ್ನೂ ಮನೆಗೆ ತಂದವರಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ನಮ್ಮ ಮನೆಯ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ಹೊತ್ತು ಮುಳುಗುವ ಮುಂಚೆ ಉಂಡು, ಒಲೆಯ ಬೆಳಕಿನಲ್ಲಿ ಪಾತ್ರೆ ತೊಳೆಯುತ್ತಿದ್ದೆವು.

ರೈಲಿನವರ ಲೈನುಮನೆಗಳಲ್ಲಿ ನಮ್ಮ ಕಥೋಲಿಕ ಮನೆಗಳು ಹತ್ತೋ ಹನ್ನೆರಡೋ. ಅಜ್ಜಂದಿರ ಕಾಲದಲ್ಲಿ ಹಳಿ ಹಾಕುತ್ತ ಹಾಕುತ್ತ ಬಂದು, ಹಳಿ ಮುಂದೆ ಹೋದರೂ ಇಲ್ಲೇ ನಿಂತುಬಿಟ್ಟ ಜನ. ಜಪಕ್ಕೆ ತೆಲುಗು, ಜಗಳಕ್ಕೆ ಕನ್ನಡ, ಬಾಜಾರಕ್ಕೆ ಉರ್ದು. ಚರ್ಚು ಅಂದರೆ ಹಂಚಿನ ಮಾಡಿನ ಒಂದು ಕೋಣೆ, ಅದರ ಮುಂದೆ ಬೇವಿನ ಮರ. ಪಾದ್ರಿಗಳು ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು.

ನಮ್ಮಲ್ಲಿ ಹಬ್ಬಗಳು ಬೇಕಾದಷ್ಟಿವೆ, ಆದರೆ ಹೆಂಗಸರು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಕಾಯುತ್ತಿದ್ದದ್ದು ಫೆಬ್ರುವರಿಯ ಈ ಮೇಣದಬತ್ತಿಯ ಹಬ್ಬವನ್ನು. ಕ್ರಿಸ್‌ಮಸ್ ಆಗಿ ನಲವತ್ತು ದಿನಕ್ಕೆ, ದೇವಮಾತೆ ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದ ದಿನ ಅದು. ಅಂದು ಪಾದ್ರಿಗಳು ಮೇಣದಬತ್ತಿಗಳನ್ನು ಮಂತ್ರಿಸಿ ಕೊಡುತ್ತಾರೆ. ಆ ಬತ್ತಿ ವರ್ಷವಿಡೀ ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಮಲಗಿರುತ್ತದೆ. ಸಿಡಿಲು ಗುಡುಗು ಜೋರಾದರೆ ಒಂದು ಗಳಿಗೆ ಹಚ್ಚುವುದುಂಟು. ಅದು ಬಿಟ್ಟರೆ ಅದನ್ನು ಹೊರಗೆ ತೆಗೆಯುವುದು ಒಂದೇ ಸಲ, ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ. ಹೋಗುವವರ ಕೈಯಲ್ಲಿ ಅದನ್ನು ಉರಿಸಿ ಹಿಡಿಸಬೇಕು, ಅವರಿಗೆ ದಾರಿ ಕಾಣಲಿ ಅಂತ. ಹಾಗಾಗಿ ಲೈನಿನಲ್ಲಿ ಯಾರ ಮನೆಯಲ್ಲಾದರೂ ಟ್ರಂಕಿನ ಮುಚ್ಚಳ ತೆರೆದ ಸಪ್ಪಳವಾಗಿ ಹಿಂದೆಯೇ ಜಪ ಕೇಳಿಬಂದರೆ, ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಆ ಹೊಸ ಜ್ವರ ಬಂದದ್ದು ಮಳೆ ಕೈಕೊಟ್ಟ ವರ್ಷ, ದಸರೆಯ ಆಸುಪಾಸಿಗೆ. ಪ್ಲೇಗು ನಮಗೆ ಗೊತ್ತಿತ್ತು. ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತರಾಯಿತು. ಈ ಜ್ವರಕ್ಕೆ ಇಲಿಯ ಹಂಗಿರಲಿಲ್ಲ. ಬೆಳಿಗ್ಗೆ ನೀರು ಸೇದಿದವಳು ಸಂಜೆಗೆ ಮಾತು ತಪ್ಪಿ ಬಿದ್ದಿರುತ್ತಿದ್ದಳು. ಜ್ವರ ರೈಲಿನಲ್ಲೇ ಬಂದದ್ದು ಅಂತ ಊರಲ್ಲಿ ಸುದ್ದಿಯಾಗಿ, ಲೈನಿನವರನ್ನು ಕಂಡರೆ ಬಾಜಾರದ ಜನ ಸೆರಗು ಮೂಗಿಗೆ ಒತ್ತಿಕೊಂಡು ಆಚೆ ಸರಿಯುತ್ತಿದ್ದರು. ನಾವೇನೋ ಅದನ್ನು ಪಾರ್ಸಲ್ ಮಾಡಿ ತರಿಸಿದ್ದೇವೆ ಅನ್ನುವ ಹಾಗೆ! ಸರ್ಕಾರದವರು ಡಂಗುರ ಹೊಡೆಸಿ ಗುಂಪು ಸೇರಬೇಡಿ ಅಂದರು. ಸೇರುವುದಕ್ಕೆ ಗುಂಪು ಎಲ್ಲಿ ಉಳಿದಿತ್ತು?

ದೀಪಾವಳಿಗೆ ನಾಲ್ಕು ದಿನ ಇದೆ ಅನ್ನುವಾಗ ನಮ್ಮತ್ತೆ ಮಲಗಿದರು. ಅವರದು ಸಣ್ಣ ಆಳು, ಗಟ್ಟಿ ದನಿ. ಗಂಡ ತೀರಿದ ಮೇಲೆ ಬೇರೆಯವರ ಮನೆಯಲ್ಲಿ ಬೀಸಿ, ಸಾರಿಸಿ, ಇಬ್ಬರು ಮಕ್ಕಳನ್ನು ದಡ ಹತ್ತಿಸಿದವರು. ನನ್ನ ಅಡಿಗೆಯಲ್ಲಿ ಅವರಿಗೆ ಸರಿಬಂದದ್ದು ಬಿಸಿನೀರು ಒಂದೇ. ಅಂಥವರು ಮೂರು ದಿನಕ್ಕೆ ಸೊಪ್ಪಾಗಿ ಬಾಡಿದರು. ನಾಲ್ಕನೆಯ ದಿನ ಮಧ್ಯಾಹ್ನ ಉಸಿರು ಗಂಟಲಲ್ಲಿ ಗೊರಗೊರ ಅನ್ನತೊಡಗಿತು, ಕೈ ತಣ್ಣಗಾಯಿತು. ಗಂಡ ಡ್ಯೂಟಿಯಲ್ಲಿದ್ದರು. ನಾದಿನಿ ಅಲ್ಲಿ ಕಮಲಾಪುರದಲ್ಲಿ. ಮನೆಯಲ್ಲಿ ನಾನೊಬ್ಬಳೇ, ವಯಸ್ಸು ಇಪ್ಪತ್ತು ತುಂಬಿರಲಿಲ್ಲ. ಕೇಳೋಣವೆಂದರೆ ಅಕ್ಕಪಕ್ಕದ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನೇ ಟ್ರಂಕು ತೆಗೆದು ಬತ್ತಿ ಹಚ್ಚಿ ಅತ್ತೆಯ ಕೈಯಲ್ಲಿ ಇಟ್ಟು, ಅವರ ಬೆರಳುಗಳ ಮೇಲೆ ನನ್ನ ಬೆರಳು ಮುಚ್ಚಿ ಹಿಡಿದು ಜಪ ಶುರುಮಾಡಿದೆ.

ಬತ್ತಿ ಅರ್ಧ ಉರಿಯಿತು. ಅತ್ತೆ ಹೋಗಲಿಲ್ಲ. ಗೊರಗೊರ ಕಡಿಮೆಯಾಗಿ ಉಸಿರು ನಿಧಾನಕ್ಕೆ ಒಂದು ಹದಕ್ಕೆ ಬಂತು. ನಂಬುವುದೋ ಬಿಡುವುದೋ ತಿಳಿಯದೆ ನಾನು ಅವರ ಎದೆಯನ್ನೇ ನೋಡುತ್ತ ಕೂತಿರುವಾಗ ಯಾರೋ ಬಾಗಿಲು ಬಡಿದರು. ಎದುರುಮನೆಯಾಕೆ. ಹಳಿ ಕಾಯುವವನ ಹೆಂಡತಿ. ಅವರ ಮನೆಯ ಬತ್ತಿ ಹದಿನೈದು ದಿನದ ಹಿಂದೆ ಆಕೆಯ ಮಾವನ ಕೈಯಲ್ಲಿ ಉರಿದು ಮುಗಿದಿತ್ತು. ಈಗ ಅಲ್ಲಿ ಮಲಗಿದ್ದವಳು ಆಕೆಯ ಮಗಳು, ಮದುವೆ ಗೊತ್ತಾಗಿದ್ದ ಹುಡುಗಿ.

"ನಿಮ್ಮ ಮನ್ಯಾಗ ಬತ್ತಿ ಅದನ?" ಎಂದು ಕೇಳಿದಳು ಆಕೆ.

ನಾನು ಅತ್ತೆಯ ಕೈಯಿಂದ ಬತ್ತಿ ಬಿಡಿಸಿಕೊಂಡು, ಊದಿ ಆರಿಸಿ ಆಕೆಗೆ ಕೊಟ್ಟೆ. ಸಂಜೆಯೊಳಗೆ ಎದುರುಮನೆಯಿಂದ ಅಳು ಕೇಳಿಸಿತು. ಅದೇ ಹೊತ್ತಿಗೆ ನಮ್ಮತ್ತೆ ಕಣ್ಣು ಬಿಟ್ಟು ನೀರು ಕೇಳಿದರು.

ಇಷ್ಟರಲ್ಲಿ ನನ್ನದೇನೂ ತಪ್ಪಿಲ್ಲ ಅಂತ ಈಗಲೂ ಅನ್ನುತ್ತೇನೆ. ತಪ್ಪಾದದ್ದು ಆಮೇಲೆ. ಅತ್ತೆ ಚೇತರಿಸಿಕೊಳ್ಳುವುದಕ್ಕೆ ಮೂರು ವಾರ ಹಿಡಿಯಿತು. ಶಕ್ತಿ ಮೊದಲು ಬಂದದ್ದು ನಾಲಿಗೆಗೆ. ನಾನು ಹಗಲೂ ರಾತ್ರಿ ಅವರ ಸೇವೆ ಮಾಡಿ, ನಿದ್ದೆಗೆಟ್ಟು, ಬುದ್ಧಿಯೂ ಅರ್ಧ ಕೆಟ್ಟವಳಾಗಿದ್ದೆ. ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ಮುಂದಿಟ್ಟೆ. ಅವರು ಚಮಚ ಆಡಿಸಿ ನೋಡಿದರು.

"ಇದರಾಗ ಅಕ್ಕಿ ಹುಡುಕಾಕ ಕಂದೀಲ ಬೇಕು," ಅಂದರು. ನಾನು ಬಾಯಿ ಬಿಗಿಹಿಡಿದೆ. ಆಗ ಅವರು, "ನನ್ನ ಕೈಯಾಗ ಬತ್ತಿ ಇಟ್ಟಿದ್ದಿ ಅಂತಲ್ಲ, ಪಕ್ಕದ ಮನಿಯಾಕಿ ಹೇಳಿದಳು. ನಾ ಸಾಯೂದು ನಿನಗ ಅಷ್ಟು ಅವಸರ ಆಗಿತ್ತೇನು?" ಅಂದರು.

ಈಗ ಯೋಚಿಸಿದರೆ ಅದು ಅವರ ತಮಾಷೆಯ ಧಾಟಿ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಗೆ ರಕ್ತ ಏರಿತು.

"ನೀವೆಲ್ಲಿ ಸತ್ತೀರಿ?" ಅಂದೆ. "ನಿಮ್ಮ ಬತ್ತಿ ಹಿಡಕೊಂಡು ಎದುರುಮನಿ ಹುಡುಗಿ ಹೋದಳು. ನಿಮ್ಮ ಬದಲಿಗಿ ಆಕಿ ಹೋದಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಬಟ್ಟಲು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ಆದಮೇಲೆ ಮಗನನ್ನು ಕರೆದು, ತನ್ನನ್ನು ಕಮಲಾಪುರಕ್ಕೆ ಮಗಳ ಮನೆಗೆ ಬಿಟ್ಟು ಬಾ ಅಂದರು. ಹೊರಡುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡು, ಎದುರುಮನೆಯ ಬಾಗಿಲ ಕಡೆ ಮುಖವನ್ನೂ ಮಾಡದೆ ಗಾಡಿ ಹತ್ತಿದರು.

ಕಮಲಾಪುರದಲ್ಲಿ ನಾದಿನಿಯ ಗಂಡ ಮುಸಾಫರಿ ಬಂಗಲೆಯ ಕಾವಲುಗಾರ. ಅಲ್ಲಿಂದ ವಾರಕ್ಕೊಮ್ಮೆ ಕೆಂಪು ಬಾಳೆಹಣ್ಣು ಹೇರಿಕೊಂಡು ಕಲಬುರಗಿಯ ಬಾಜಾರಕ್ಕೆ ಬರುವ ಗಾಡಿಯವನೊಬ್ಬ ನಮಗೆ ಸುದ್ದಿ ಮುಟ್ಟಿಸುತ್ತಿದ್ದ. ಸುದ್ದಿ ಪ್ರತಿವಾರ ಒಂದೇ. ಜ್ವರ ಇಲ್ಲ, ಕೆಮ್ಮಿಲ್ಲ. ಆದರೆ ಮುದುಕಿ ಏಳುವುದಿಲ್ಲ. ಎರಡು ತುತ್ತು ತಿಂದು ಗೋಡೆಗೆ ಮುಖ ಮಾಡುತ್ತಾಳೆ. ಹಕೀಮರನ್ನು ಕರೆಸಿದ್ದಾಯಿತು. ಹಕೀಮರು ನಾಡಿ ಹಿಡಿದು, ರೋಗ ಮೈಯಲ್ಲಿಲ್ಲ ಅಂದರಂತೆ.

"ಹುಡುಗಿ ಪಾಲಿನ ಆಯುಷ್ಯಾ ನಾ ತಿನ್ನಾಕತ್ತೀನಿ ಅಂತಾಳ್ರೀ ಮುದುಕಿ," ಅಂದ ಗಾಡಿಯವ ಒಮ್ಮೆ. "ಹಂಗಂದ್ರ ಏನ್ರೀ ಅದು?"

ಅದೇನೆಂದು ನನಗೊಬ್ಬಳಿಗೇ ಗೊತ್ತಿತ್ತು. ಗಂಡನಿಗೂ ನಾನು ಹೇಳಿರಲಿಲ್ಲ, ಹೆದರಿಕೆ. ಅತ್ತೆ ಆ ಗೋಡೆಯ ಕಡೆ ಮುಖ ಮಾಡಿಯೇ ಹೋಗಿಬಿಟ್ಟರೆ, ಜ್ವರ ಬಿಟ್ಟುಕೊಟ್ಟವರನ್ನು ನನ್ನ ಬಾಯಿ ಕೊಂದ ಹಾಗೆ. ಎದುರುಮನೆಯ ಬಾಗಿಲೂ ಹುಡುಗಿ ಹೋದ ದಿನದಿಂದ ನಮ್ಮ ಕಡೆ ತೆರೆದಿರಲಿಲ್ಲ. ಮೊದಲೆಲ್ಲ ದಿನಕ್ಕೆ ನಾಲ್ಕು ಸಲ ಬಂದು ಹಿಟ್ಟು, ಕೆಂಡ, ಒಂದು ಚಿಟಿಕೆ ಉಪ್ಪು ಅನ್ನುತ್ತಿದ್ದ ಆಕೆ ಈಗ ನಲ್ಲಿಯ ಹತ್ತಿರ ನನ್ನನ್ನು ಕಂಡರೆ ತುಂಬದ ಕೊಡವನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಉರಿಯುವ ಬತ್ತಿಯನ್ನು ಸಾಯುವವಳ ಕೈಯಿಂದ ಕಿತ್ತು ತನ್ನ ಮಗಳಿಗೆ ಕೊಟ್ಟು, ಸಾವನ್ನೇ ಮನೆಗೆ ದಾಟಿಸಿದೆ ಅಂತ ಆಕೆಗೆ ನನ್ನ ಮೇಲೆ ಸಿಟ್ಟಿರಬೇಕು ಅಂದುಕೊಂಡೆ. ಕೇಳುವ ಧೈರ್ಯ ನನಗಾಗಲಿಲ್ಲ. ಜಗಳ ಕಾಯುವುದಕ್ಕೆ ಹುಲಿಯಾದ ನಾನು ಇಂಥ ಕೆಲಸಕ್ಕೆ ಇಲಿ.

ಹಬ್ಬ ಆ ವರ್ಷ ಭಾನುವಾರವೇ ಬಂತು. ಜ್ವರ ಸಾಕಷ್ಟು ಇಳಿದಿತ್ತು, ಆದರೂ ಅಲ್ಲೊಂದು ಇಲ್ಲೊಂದು ಇದ್ದೇ ಇತ್ತು. ಹಬ್ಬ ನಡೆಯುತ್ತದೋ ಇಲ್ಲವೋ ಅಂತ ಕೊನೆಯ ದಿನದವರೆಗೂ ಯಾರಿಗೂ ಗೊತ್ತಿರಲಿಲ್ಲ. ಇಡೀ ಲೈನಿನಲ್ಲಿ ಒಂದೇ ಒಂದು ಮಂತ್ರಿಸಿದ ಬತ್ತಿಯೂ ಉಳಿದಿರಲಿಲ್ಲ. ನಾಳೆ ಯಾರಿಗಾದರೂ ಏನಾದರೂ ಆದರೆ ಕೈಯಲ್ಲಿ ಏನು ಇಡುವುದು ಅಂತ ಹೆಂಗಸರಿಗೆ ಜ್ವರಕ್ಕಿಂತ ಅದೇ ಚಿಂತೆಯಾಗಿತ್ತು. ಶನಿವಾರ ಸಂಜೆಯ ಗಾಡಿಯಲ್ಲಿ ಪಾದ್ರಿಗಳು ಇಳಿದಾಗ, ನನ್ನ ಗಂಡ ಏಣಿಯ ಮೇಲಿಂದಲೇ ನೋಡಿ, ಅವರ ಕಂಕುಳಲ್ಲಿ ಕಟ್ಟಿಗೆಯ ಪೆಟ್ಟಿಗೆ ಇದೆ ಅಂತ ಕೂಗಿ ಹೇಳಿದರು. ಆ ಸುದ್ದಿ ಅವರು ಏಣಿ ಇಳಿಯುವುದರೊಳಗೆ ಲೈನಿನ ಆ ಕೊನೆಗೆ ಮುಟ್ಟಿತು.

ಪೂಜೆ ಚರ್ಚಿನೊಳಗೆ ಬೇಡ ಅಂತ ಪಾದ್ರಿಗಳು ಬೇವಿನ ಮರದ ಕೆಳಗೆ ಮೇಜು ಹಾಕಿಸಿದರು. ಮನೆಮನೆಯವರು ಬೇರೆಬೇರೆ, ನಡುವೆ ನಾಲ್ಕು ಮಾರು ಜಾಗ. ಬಾಗಿಲ ಬಳಿಯ ಪವಿತ್ರ ಜಲದ ಬಟ್ಟಲನ್ನು ಒಣಗಿಸಿ ಬೋರಲು ಹಾಕಿದ್ದರು. ಎಲ್ಲರ ಕೊರಳಲ್ಲೂ ಕರ್ಪೂರದ ಗಂಟು. ನಿಂತಾಗ ಕಂಡದ್ದು ಜನಕ್ಕಿಂತ ಹೆಚ್ಚಾಗಿ ನಡುವಿನ ಖಾಲಿ ಜಾಗ. ಯಾವ ಮನೆಯಲ್ಲಿ ಯಾರು ಕಡಿಮೆಯಾಗಿದ್ದಾರೆ ಅಂತ ಅಂದೇ ನಾವು ಮೊದಲ ಸಲ ಒಟ್ಟಿಗೆ ನೋಡಿದ್ದು. ನನಗೆ ಅಳು ಬಂತು, ಸುಮ್ಮನೆ ಅತ್ತುಬಿಟ್ಟೆ.

ಪೆಟ್ಟಿಗೆ ಬಿಚ್ಚಿದಾಗ ಬತ್ತಿಗಳು ಕಡ್ಡಿಯಷ್ಟು ತೆಳ್ಳಗೆ, ಬಿಸಿಲಿಗೆ ಕೆಲವು ಬಾಗಿದ್ದವು. ಪಾದ್ರಿಗಳು ಪರದೇಶದವರು, ಅವರ ಮಾತಿನಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಒಂದೇ ಪಾತ್ರೆಯಲ್ಲಿ ಬೆಂದಿರುತ್ತಿದ್ದವು. ಲಡಾಯಿಯಿಂದಾಗಿ ಮೇಣ ಸಿಗುತ್ತಿಲ್ಲ, ಮನೆಗೊಂದೇ, ಬೇಸರ ಮಾಡಿಕೊಳ್ಳಬೇಡಿ ಅಂದರು. ಪ್ರತಿವರ್ಷ ಅವರ ಕೈಗೂ ಬತ್ತಿಗೂ ಮುತ್ತಿಟ್ಟು ತೆಗೆದುಕೊಳ್ಳುವುದು ಪದ್ಧತಿ. ಈ ಸಲ ಅದೂ ಇಲ್ಲ. ಅವರು ಬತ್ತಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹಿಂದೆ ಸರಿದರು. ನಾವು ಒಬ್ಬೊಬ್ಬರೇ ಹೋಗಿ ಎತ್ತಿಕೊಂಡೆವು.

ಹಚ್ಚಿಕೊಂಡು ಮರದ ಸುತ್ತ ಮೆರವಣಿಗೆ ಹೋಗಬೇಕು. ಬಯಲಿನ ಗಾಳಿ ಬಿಡಬೇಕಲ್ಲ! ಒಂದು ಹೆಜ್ಜೆ ಇಟ್ಟರೆ ಬತ್ತಿ ಆರುತ್ತಿತ್ತು. ಪಕ್ಕದವರಿಂದ ಹಚ್ಚಿಕೊಳ್ಳೋಣವೆಂದರೆ ಹತ್ತಿರ ಹೋಗುವ ಹಾಗಿಲ್ಲ. ಕೊನೆಗೆ ನನ್ನ ಗಂಡ ಓಡಿಹೋಗಿ ಸ್ಟೇಷನ್ನಿನ ಕೈದೀಪ ಉರಿಸಿಕೊಂಡು ತಂದು ಮೇಜಿನ ಮೇಲಿಟ್ಟರು. ಜೀವಮಾನದಲ್ಲಿ ಅವರು ಕಂಪನಿಯ ಎಣ್ಣೆಯನ್ನು ಸ್ವಂತಕ್ಕೆ ಉರಿಸಿದ್ದು ಅದೊಂದೇ ಸಲ, ಅದಕ್ಕೂ ಮರುದಿನ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ಬಂದರು. ಬತ್ತಿ ಆರಿದವರು ಬಂದು ಬಂದು ಅದರಿಂದ ಹಚ್ಚಿಕೊಂಡು ಹೋದರು. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ಅಷ್ಟು ತಿಂಗಳಾದ ಮೇಲೆ ಲೈನಿನವರು ನಕ್ಕದ್ದು ಕೇಳಿ ನನ್ನ ಮೈ ಹಗುರಾಯಿತು.

ಪೂಜೆ ಮುಗಿಯಿತು. ಬಾಳೆಹಣ್ಣಿನ ಗಾಡಿ ಅಂದು ಖಾಲಿಯಾಗಿ ಕಮಲಾಪುರಕ್ಕೆ ತಿರುಗುವುದಿತ್ತು. ನಮ್ಮ ಮನೆಯ ಬತ್ತಿಯನ್ನು ಅತ್ತೆಗೆ ಮುಟ್ಟಿಸಿ, ಕಾಲು ಹಿಡಿದು, ಬೇಕಾದರೆ ಹೊಡೆಸಿಕೊಂಡಾದರೂ ಬರುತ್ತೇನೆ ಅಂತ ನಾನು ಹೊರಟು ನಿಂತಿದ್ದೆ. ಗಾಡಿ ಹತ್ತಬೇಕು ಅನ್ನುವಷ್ಟರಲ್ಲಿ ಎದುರುಮನೆಯಾಕೆ ನೇರವಾಗಿ ನನ್ನ ಕಡೆ ಬಂದಳು. ನಾಲ್ಕು ಮಾರಿನ ಕಟ್ಟಳೆಯನ್ನೂ ನೋಡಲಿಲ್ಲ.

"ನಿಮ್ಮತ್ತಿ ಕಮಲಾಪುರದಾಗ ಇದ್ದಾಳಲ್ಲ?"

"ಹೌದು."

"ಇನ್ನೂ ಎದ್ದಿಲ್ಲಂತ."

"ಇಲ್ಲ."

"ಗಾಡ್ಯಾಗ ಇನ್ನೊಬ್ಬರಿಗಿ ಜಾಗಾ ಅದನ?"

ನಾನು ಗಾಡಿಯಲ್ಲಿದ್ದ ನನ್ನ ಗಂಟನ್ನು ಪಕ್ಕಕ್ಕೆ ಸರಿಸಿದೆ. ಮುದುಕಿಯ ಮುಖಕ್ಕೇ ಬೈದು ಬರುವುದಕ್ಕೆ ಹೊರಟಿದ್ದಾಳೆ ಅಂದುಕೊಂಡೆ. ಆಕೆ ತನ್ನ ಬತ್ತಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಹತ್ತಿ ಕೂತಳು.

ಹುಮನಾಬಾದಿನ ಕಡೆಯ ಆ ರಸ್ತೆ ಎತ್ತಿನ ಗಾಡಿಗೆ ಒಂದು ಹಗಲಿಗೆ ಮುಗಿಯುವುದಲ್ಲ. ಬಿಸಿಲು ಚುರುಗುಟ್ಟತೊಡಗಿತ್ತು. ಮಳೆಯಿಲ್ಲದ ಹೊಲಗಳಲ್ಲಿ ಜೋಳ ಮೊಣಕಾಲೆತ್ತರಕ್ಕೇ ನಿಂತು ಒಣಗಿತ್ತು. ಬತ್ತಿಗಳು ಕರಗಿ ಬಾಗುತ್ತವೆ ಅಂತ ಗಾಡಿಯವ ಹಣ್ಣಿನ ಕೆಳಗೆ ಹಾಸಿದ್ದ ಒಣ ಬಾಳೆಲೆ ತೆಗೆದು ಕೊಟ್ಟ. ಅದರಲ್ಲಿ ಸುತ್ತಿ ಮೇಲೆ ಒದ್ದೆ ಬಟ್ಟೆ ಮುಚ್ಚಿದೆವು. ಬಟ್ಟೆ ಒಣಗಿದಾಗಲೆಲ್ಲ ಒಮ್ಮೆ ಆಕೆ, ಒಮ್ಮೆ ನಾನು ನೀರು ಚಿಮುಕಿಸುತ್ತಿದ್ದೆವು. ಮಾತು ಇಷ್ಟೇ: "ಒಣಗ್ಯದ." "ಹೂಂ." ಇಷ್ಟು ಹೊತ್ತು ಸುಮ್ಮನೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು ಇರಬೇಕು. ಗಾಡಿಯವನಿಗೇ ತಡೆಯಲಾಗಲಿಲ್ಲ.

"ಹಬ್ಬಾ ಮಾಡಿ ಬರಾಕತ್ತೀರಿ, ಮಯ್ಯತ್ ಮಣ್ಣಿಗಿ ಹೋದಂಗ ಕುಂತೀರಲ್ರೀ ಇಬ್ಬರೂ!" ಅಂದ.

ರಾತ್ರಿ ಮಹಾಗಾಂವದ ಧರ್ಮಶಾಲೆಯಲ್ಲಿ ಉಳಿದು, ಬೆಳಗಿನ ತಂಪಿಗೆ ಮತ್ತೆ ಗಾಡಿ ಕಟ್ಟಿದೆವು. ಕಮಲಾಪುರದ ಬಾಳೆಯ ತೋಟಗಳು ಕಾಣಿಸಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಬಾವಿ ಇದ್ದ ಕಡೆ ಹಸಿರು ಉಳಿದಿತ್ತು, ಕಣ್ಣಿಗೆ ಹಿತವಾಯಿತು.

ಬಂಗಲೆಯ ಹಿಂದಿನ ಎರಡು ಕೋಣೆಗಳಲ್ಲಿ ನಾದಿನಿಯ ಸಂಸಾರ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆನ್ನು ನೋಡಿಯೇ ನನಗೆ ಭಯವಾಯಿತು. ಎಲುಬು ಎಣಿಸಬಹುದಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎದುರುಮನೆಯಾಕೆ ನನ್ನನ್ನು ದಾಟಿ ಹೋಗಿ ಕಂಬಳಿಯ ಪಕ್ಕದಲ್ಲಿ ಕೂತಳು.

"ಯವ್ವಾ, ಈ ಕಡಿ ತಿರುಗು."

ದನಿ ಗುರುತು ಹಿಡಿದ ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಸೆರಗಿನ ಒಳಗಿನಿಂದಲೇ ಮಾತಾಡಿದರು.

"ಬೈಯಾಕ ಬಂದಿಯೇನು? ಬೈ. ನನ್ನ ಸಾವು ನಿನ್ನ ಮಗಳು ತಗೊಂಡು ಹೋಗ್ಯಾಳ. ನಿನಗ ಹ್ಯಾಂಗ ಮಾರಿ ತೋರಿಸಲಿ?"

"ಏನಂತೀದಿ ನೀನು?" ಎದುರುಮನೆಯಾಕೆ ಬೆರಗಾಗಿ ನನ್ನ ಕಡೆ ನೋಡಿದಳು, ಆಮೇಲೆ ಮತ್ತೆ ಅತ್ತೆಯ ಕಡೆ. "ಮಾರಿ ತೋರಸಾಕ ಆಗದಾಕಿ ನಾನು. ನಿನ್ನ ಬತ್ತಿ ತಂದು ಪೂರಾ ಉರಿಸಿಬಿಟ್ಟೆ. ಒಂದು ಬೆರಳ ತುಂಡು ಸೈತ ಉಳಿಸಲಿಲ್ಲ. ನೀ ಇಲ್ಲಿ ಹಾಸಗಿ ಹಿಡದೀದಿ ಅಂತ ಕೇಳಿದೆ. ಬತ್ತಿ ಇಲ್ಲದ ಮುದುಕಿ ಹ್ಯಾಂಗ ಹೋಗ್ತಾಳ, ಆಕಿ ಬೆಳಕ ನಾ ತಿಂದೆನಲ್ಲ ಅಂತ ನನಗ ನಿದ್ದಿ ಇಲ್ಲ. ನಿಮ್ಮ ಮನಿ ಮುಂದ ಹಾಯಾಕ ಅಂಜತಿದ್ದೆ."

ಕೊಡ ತುಂಬುವ ಮುಂಚೆ ಆಕೆ ನಲ್ಲಿ ಬಿಟ್ಟು ಓಡಿದ್ದು ಸಿಟ್ಟಿಗಲ್ಲ, ನಾಚಿಕೆಗೆ. ಎರಡೂ ಮನೆಯವರು ಒಬ್ಬರಿಗೊಬ್ಬರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದೆವು.

ಅತ್ತೆ ಸೆರಗು ತೆಗೆಯಲಿಲ್ಲ, ಆದರೆ ಉಸಿರು ಹಿಡಿದು ಕೇಳುತ್ತಿದ್ದದ್ದು ಗೊತ್ತಾಗುತ್ತಿತ್ತು. ಆಕೆ ಮುಂದುವರಿಸಿದಳು.

"ನನ್ನ ಮಗಳು ಸಣ್ಣಾಕಿ ಇದ್ದಾಗಿಂದ ಕತ್ತಲಿಗಿ ಅಂಜತಿದ್ದಳು. ಗಾಳಿ ಕೆಟ್ಟದ ಅಂತ ಕಿಟಕಿ ಎಲ್ಲಾ ಮುಚ್ಚಿದ್ವಿ. ಮನ್ಯಾಗ ಎಣ್ಣಿ ಒಂದು ಹನಿ ಇಲ್ಲ. ಆಕಿ ಕತ್ತಲ ಕತ್ತಲ ಅನ್ನಾಕತ್ತಿದ್ದಳು. ನಿನ್ನ ಬತ್ತಿ ಬಂದ ಮ್ಯಾಲ ಸುಮ್ಮನಾದಳು. ನನ್ನ ಮಾರಿ ನೋಡಕೋತ ಹೋದಳು. ನಾನೂ ಆಕಿ ಮಾರಿ ನೋಡಿದೆ. ಅದು ಇರಲಿಲ್ಲ ಅಂದ್ರ ನನ್ನ ಕೂಸು ಇದ್ದಾಳೋ ಹೋದಳೋ ಅಂತ ನಾ ಕೈಯಿಂದ ತಡವಿ ನೋಡಬೇಕಾಗಿತ್ತು."

ಆಮೇಲೆ ಅತ್ತೆ ಮೆಲ್ಲಗೆ ಈ ಕಡೆ ತಿರುಗಿದರು. ಸೆರಗು ಸರಿಯಿತು.

"ಕಡೀತನಕ ಇತ್ತೇನು ಬೆಳಕು?"

"ಇತ್ತು. ಆಕಿ ಹೋದ ಮ್ಯಾಲೂ ಜರಾ ಹೊತ್ತು ಇತ್ತು."

ಅತ್ತೆ ಅತ್ತರು. ಎದುರುಮನೆಯಾಕೆಯೂ ಅತ್ತಳು. ನಾದಿನಿ ಒಳಗಿನಿಂದ ಬಂದು ಏನೂ ಗೊತ್ತಿಲ್ಲದೆ ತಾನೂ ಶುರುಮಾಡಿದಳು. ನಾನು ಮಾತ್ರ ನಿಂತೇ ಇದ್ದೆ. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಎದುರುಮನೆಯಾಕೆ ಕಣ್ಣೊರೆಸಿಕೊಂಡು ಬಾಳೆಲೆ ಬಿಚ್ಚಿ ತನ್ನ ಬತ್ತಿಯನ್ನು ಅತ್ತೆಯ ಮುಂದಿಟ್ಟಳು. "ತಗೋ. ಎರವಲು ಒಯ್ದಿದ್ದು. ನಿನ್ನೆ ಮಂತ್ರಿಸಿದ್ದು ಅದ."

ಅತ್ತೆ ಬತ್ತಿಯನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೆರಳು ಮಡಚಿ ಉದ್ದ ಅಳೆದರು. ನನಗೆ ಆ ಮುಖ ಗೊತ್ತು. ಅದು ಬಾಜಾರದಲ್ಲಿ ತೂಕ ನೋಡುವಾಗಿನ ಮುಖ.

"ನಾ ಕೊಟ್ಟಿದ್ದು ಅರ್ಧಾ. ಇದು ಪೂರಾ ಅದ."

"ಇರಲಿ ಬಿಡು."

"ಇರಲಿ ಅಂದ್ರ? ಅರ್ಧಾ ಕೊಟ್ಟು ಪೂರಾ ತಗೊಳ್ಳಾಕ ನಾ ಏನು ಸಾವಕಾರನ ಹೆಂಡತಿಯೇನು? ನಿನ್ನ ಮನ್ಯಾಗ ಇನ್ನೂ ಎರಡು ಕೂಸು ಅವ. ಮುಂದಿನ ಹಬ್ಬದ ತನಕ ಏನು ಮಾಡ್ತೀದಿ?"

ಹೀಗೆ ಅನ್ನುತ್ತಲೇ ಅವರು ಒಂದು ಕೈ ಗೋಡೆಗೆ ಕೊಟ್ಟು ಎದ್ದು ನಿಂತರು. ನಾದಿನಿ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಎರಡು ತಿಂಗಳು ಏಳದವರು ಎದ್ದು, ಕಾಲು ನಡುಗುತ್ತಿದ್ದರೂ, ಒಲೆಯ ಹತ್ತಿರ ನಡೆದು ಹೋಗಿ ಚಾಕು ಹುಡುಕತೊಡಗಿದರು. ನಾನು ಓಡಿ ಹೋಗಿ ಹಿಡಿದುಕೊಳ್ಳಲು ಕೈ ಚಾಚಿದೆ.

"ಸರಿ ಆ ಕಡಿ," ಅಂದರು. ಅಷ್ಟು ದಿನಗಳ ನಂತರ ಅವರು ನನಗೆ ಆಡಿದ ಮೊದಲ ಮಾತು ಅದು. "ಚಾಕು ಕಾಸಬೇಕು. ಹಂಗೇ ಕತ್ತರಿಸಿದ್ರ ಒಳಗಿನ ದಾರ ಜಗ್ಗತದ."

ಕೆಂಡದ ಮೇಲೆ ಚಾಕು ಕಾಸಿ, ಬತ್ತಿಯನ್ನು ಮಣೆಯ ಮೇಲೆ ಇಟ್ಟು ಒಂದೇ ಏಟಿಗೆ ಎರಡು ಮಾಡಿದರು. ಬೆಣ್ಣೆ ಕೊಯ್ದ ಹಾಗೆ ಆಯಿತು. ಒಂದು ಅರ್ಧವನ್ನು ಎದುರುಮನೆಯಾಕೆಯ ಕೈಯಲ್ಲಿಟ್ಟು ಬೆರಳು ಮುಚ್ಚಿದರು. ಇನ್ನೊಂದನ್ನು ತಾವು ಇಟ್ಟುಕೊಂಡು ಒಲೆಯ ಮುಂದೆಯೇ ಕೂತರು, ನಿಲ್ಲುವ ಶಕ್ತಿ ಅಷ್ಟಕ್ಕೇ ಮುಗಿದಿತ್ತು.

ನಾನು ಅವರ ಮುಂದೆ ಕುಕ್ಕರಿಸಿದೆ. "ಅತ್ತಿ, ಆವತ್ತು ನಾ ಆಡಿದ ಮಾತು..." ಅಂದೆ. ಜೋರು ಬಾಯಿಯ ನನಗೆ ಮಾಫಿ ಕೇಳುವ ಒಂದು ಶಬ್ದ ಸಿಗಲಿಲ್ಲ.

ಅತ್ತೆ ಬಲಗೈ ತೆರೆದು ಒಲೆಯ ಬೆಳಕಿಗೆ ಹಿಡಿದರು. ಅಂಗೈಯ ನಡುವೆ ಕಡಲೆ ಕಾಳಿನಷ್ಟು ಒಂದು ಸುಟ್ಟ ಕಲೆ ಇತ್ತು.

"ಆವತ್ತು ನಿನ್ನ ಕೈ ನಡಗಾಕತ್ತಿತ್ತು," ಅಂದರು. "ಮೇಣಾ ಇಲ್ಲಿ ಬಿತ್ತು. ಕಣ್ಣು ತೆರಿಯಾಕ ಆಗಲಿಲ್ಲ, ಆದ್ರ ಚುರ್ ಅಂತು. ಸತ್ತಾಕಿಗಿ ಹಂಗ ಅನ್ನಂಗಿಲ್ಲಲ್ಲ, ಅಂದ್ರ ನಾ ಇನ್ನೂ ಇದ್ದೀನಿ ಅಂತ ಆವಾಗ ತಿಳೀತು. ನೀ ಅಳಕೋತ ಜಪಾ ಮಾಡೂದೂ ಕೇಳಸ್ತು. ಎಲ್ಲಾ ತಪ್ಪ ತಪ್ಪ ಹೇಳಾಕತ್ತಿದ್ದಿ."

ಆಗ ನನ್ನ ಸರದಿ ಬಂತು. ಅವರ ಮಡಿಲಲ್ಲಿ ಮುಖವಿಟ್ಟು ಎಷ್ಟು ಅತ್ತೆನೋ ನನಗೆ ಗೊತ್ತಿಲ್ಲ. ಹೊಟ್ಟೆಯೊಳಗಿನ ಕೆಂಡ ಆರಿ ತಣ್ಣಗಾದದ್ದು ಮೈಯಿಗೇ ತಿಳಿಯಿತು. ಅವರು ನನ್ನ ತಲೆಯ ಮೇಲೆ ಕೈ ಇಡಲಿಲ್ಲ, ಅದು ಅವರ ಪದ್ಧತಿಯಲ್ಲ. ನಾನು ಮುಗಿಸುವವರೆಗೆ ಕಾದರು. ಆಮೇಲೆ ತಮ್ಮ ಅರ್ಧ ಬತ್ತಿಯನ್ನು ನನ್ನ ಕೈಗೆ ಕೊಟ್ಟರು.

"ನೀ ತಂದ ಬತ್ತಿ ಇಲ್ಲಿ ಮಗಳ ಮನ್ಯಾಗ ಇರಲಿ, ಇದನ್ನ ನಮ್ಮ ಟ್ರಂಕಿನಾಗ ಇಡು. ಮುಂದಿನ ಸಲಾನೂ ನೀನೇ ಹಚ್ಚಬೇಕು. ಇವಳು ನನ್ನ ಮಗಳು ಅಳಕೋತ ಕೂಡ್ತಾಳ, ಆಕಿ ಕೈಲಿಂದ ಆಗಂಗಿಲ್ಲ," ಅಂದರು. "ಆದ್ರ ಅವಸರ ಮಾಡಬ್ಯಾಡ."

ನಾನು ಅವಸರ ಮಾಡಲಿಲ್ಲ. ಹದಿನಾರು ವರ್ಷ ಕಾದೆ.